ಟೆನ್‌ಸೈಲ್ ಚಾವಣಿಗೆ ಸೋಲಾರ್ ಹಾಳೆ ಅಂಟಿಸಬಹುದಾ?

ಪ್ರಶ್ನೆ: ನಮ್ಮದು ದಾವಣಗೆರೆ ಹತ್ತಿರ ಒಂದು ಕಲ್ಯಾಣ ಮಂಟಪ. ಕಾರು ನಿಲ್ಲಿಸುವ ಕಡೆ ಬಿಳಿ ಟೆನ್‌ಸೈಲ್ ಬಟ್ಟೆಯ ಚಾವಣಿ ಇದೆ. ಅದರ ಮೇಲೆ ಬಾಗುವ ಸೋಲಾರ್ ಪ್ಯಾನೆಲ್ ಅಂಟಿಸಿಕೊಡುತ್ತೇವೆ ಎಂದು ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಹಾಕಿಸಬಹುದಾ?

ಉತ್ತರ (ಟೆನ್‌ಸೈಲ್ ಎಂಜಿನಿಯರ್): ಸಾರ್, ಮೊದಲು ಒಂದು ದಪ್ಪ ಕ್ಯಾಲೆಂಡರ್ ಹಾಳೆಯನ್ನು ನೀರಿನ ಕೊಡದ ಹೊಟ್ಟೆಗೆ ಒತ್ತಿ ನೋಡಿ. ಎಲ್ಲೋ ಒಂದು ಕಡೆ ಸುಕ್ಕಾಗಿಯೇ ಆಗುತ್ತದೆ. ಬಾಗುವ ಪ್ಯಾನೆಲ್ ಬಾಗುವುದು ಒಂದೇ ದಿಕ್ಕಿಗೆ. ನಿಮ್ಮ ಚಾವಣಿ ಕುದುರೆ ಜೀನಿನ ಹಾಗೆ ಎರಡೂ ದಿಕ್ಕಿಗೆ ಬಾಗಿರುತ್ತದೆ.

ಎರಡನೆಯದು ಎಳೆತ. ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ, ಗಾಳಿಗೆ ಅದು ಇನ್ನಷ್ಟು ಹಿಗ್ಗುತ್ತದೆ. ಪ್ಯಾನೆಲ್‌ನಲ್ಲಿ ಕರೆಂಟ್ ಮಾಡುವ ತೆಳು ಬಿಲ್ಲೆ, ಅಂದರೆ ಸ್ಫಟಿಕ ಸಿಲಿಕಾನ್ ಸೆಲ್, ಸ್ವಲ್ಪ ಹಿಗ್ಗಿದರೂ ಬಿರುಕು ಬಿಡುತ್ತದೆ. ಅಂಟೂ ನಂಬಿಕಸ್ಥ ಅಲ್ಲ. ಇಂಥ ಬಟ್ಟೆಗೆ ಸಾಮಾನ್ಯವಾಗಿ ಬಳಿಯುವ ಪಿವಿಸಿ ಪ್ಲಾಸ್ಟಿಕ್ ಮೆದುವಾಗಿರಲಿ ಎಂದು ಬೆರೆಸಿದ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಮೇಲೆ ಬಂದು ಅಂಟನ್ನು ಸಡಿಲ ಮಾಡುತ್ತದೆ.

ಪ್ರಶ್ನೆ: ಆದರೆ ಜರ್ಮನಿಯಲ್ಲಿ ಮಾಡಿದ್ದಾರಂತಲ್ಲ?

ಉತ್ತರ: ಹೌದು, ಮ್ಯೂನಿಕ್‌ನಲ್ಲಿ. ನಗರದ ಕಸದ ಲಾರಿಗಳು ನಿಲ್ಲುವ ಜಾಗಕ್ಕೆ 2011ರಲ್ಲಿ ಇಟಿಎಫ್‌ಇ ಎಂಬ ತೆಳು ಪ್ಲಾಸ್ಟಿಕ್ ಹಾಳೆಯ, ಗಾಳಿ ತುಂಬಿದ 220 ದಿಂಬುಗಳ ಚಾವಣಿ ಹಾಕಿದರು. ಸೆಲ್‌ಗಳು ದಿಂಬಿನ ನಡುವಿನ ಪದರದಲ್ಲಿವೆ. ಸುಮ್ನೆ ಗೋಂದು ಬಳಿದು ಅಂಟಿಸಿದ್ದಲ್ಲ, ಹಾಳೆಯ ಎಳೆತ ಸೆಲ್‌ಗೆ ತಾಗದ ಹಾಗೆ ಹಿಡಿಸಿದ್ದಾರೆ. ಬಳಸಿದ್ದು ಅಸ್ಫಟಿಕ ಸಿಲಿಕಾನ್, ಅಂದರೆ ಹರಳಾಗದೆ ತೆಳು ಪದರವಾಗಿ ಕೂರಿಸಿದ ಸಿಲಿಕಾನ್. ಬಾಗುತ್ತದೆ ನಿಜ, ಆದರೆ ಅಂಥ ಪ್ಯಾನೆಲ್ ಬಿಸಿಲಿನ 6–8%ರಷ್ಟನ್ನು ಮಾತ್ರ ಕರೆಂಟ್ ಮಾಡುತ್ತದೆ. ಈಗಿನ ಗಾಜಿನ ಪ್ಯಾನೆಲ್ 20% ದಾಟುತ್ತದೆ. ಮೊದಲಿನಿಂದಲೇ ಸೆಲ್ ಲೆಕ್ಕ ಹಿಡಿದು ಕಟ್ಟಿದ ಚಾವಣಿ ಅದು. ಕಟ್ಟಿದ ಮೇಲೆ ಅಂಟಿಸುವ ಕೆಲಸಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಇನ್ನೊಬ್ಬರು: ಬಿಸಿಲು ಎಲ್ಲ ಕಡೆ ಒಂದೇ ಅಲ್ವಾ ಸಾರ್, ಓರೆಯಾಗಿದ್ದರೇನು?

ಉತ್ತರ: ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದು ಒಂದೇ ತಂತಿ ಸಾಲಿಗೆ ಜೋಡಿಸಿದರೆ ಕಡಿಮೆ ಬಿಸಿಲು ಬಿದ್ದ ಪ್ಯಾನೆಲ್ ಉಳಿದವನ್ನೂ ಹಿಂದೆ ಎಳೆಯುತ್ತದೆ. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದವಕ್ಕೆ ಬೇರೆ ಸಾಲೇ ಬೇಕು. ಬಟ್ಟೆಗೆ ಅಂಟಿಕೊಂಡರೆ ಅಡಿಯಲ್ಲಿ ಗಾಳಿ ಆಡುವುದಿಲ್ಲ, ಕಾವು ಜಾಸ್ತಿ. ಸ್ಫಟಿಕ ಸೆಲ್ 65 ಡಿಗ್ರಿಗೆ ಕಾದರೆ ಪ್ಯಾನೆಲ್ ಪರೀಕ್ಷೆ ಮಾಡುವ 25 ಡಿಗ್ರಿಯ ಲೆಕ್ಕಕ್ಕಿಂತ ಸುಮಾರು 14% ಇಳುವರಿ ಹೋಯಿತು. ಕೊಟೇಶನ್‌ನಲ್ಲಿ ಇದು ಬರೆದಿರುವುದಿಲ್ಲ!

ಮಂಟಪಕ್ಕೆ ತಾರಸಿ ಇದೆಯಲ್ಲ? ಮಾಮೂಲಿ ಗಾಜಿನ ಪ್ಯಾನೆಲ್ ಅಲ್ಲೇ ಹಾಕಿಸಿ. ಬಟ್ಟೆ ಮೇಲೇ ಬೇಕೆಂದರೆ ಬಾಗು ಕಡಿಮೆ ಇರುವ ಕಡೆ ಸಣ್ಣ ಪಟ್ಟಿಗಳನ್ನು, ಬಿಚ್ಚಿ ತೆಗೆಯಲು ಬರುವ ಜೇಬಿನಲ್ಲಿಡಿ. ದೀಪಗಳಿಗೆ ಸಾಕಾಗುತ್ತದೆ.

ಪ್ರಶ್ನೆ: ಕೊಡದ ಪ್ರಯೋಗ ಮಾಡಿದೆ ಸಾರ್, ಕ್ಯಾಲೆಂಡರ್ ಹಾಳಾಯಿತು. ತಾರಸಿ ಅಳತೆ ನಾಳೆ ಕಳಿಸುತ್ತೇನೆ.

ಉತ್ತರ: ನೀರಿನ ಟ್ಯಾಂಕ್ ಯಾವ ಮೂಲೆಯಲ್ಲಿದೆ ಅಂತಾನೂ ಗುರುತು ಹಾಕಿ. ನೆರಳು ಬೀಳುತ್ತದೆ.