ಉಗ್ರಾಣದಲ್ಲಿ ಸಿಕ್ಕ ಹಳೆಯ ಸ್ಪೈರೋಮೀಟರ್: ಪಿಎಫ್‌ಟಿ (ಶ್ವಾಸಕೋಶದ ಕಾರ್ಯಪರೀಕ್ಷೆ) ತಂತ್ರಜ್ಞರಿಗೆ ಕೆಲವು ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ನಾನು ಉಸಿರಾಟ ಚಿಕಿತ್ಸಾ ತಂತ್ರಜ್ಞಾನದ ಎರಡನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ವಿಭಾಗದ ಉಗ್ರಾಣದಲ್ಲಿ ಒಂದು ಹಳೆಯ ಉಪಕರಣ ಬಿದ್ದಿದೆ. ಕೊಳಗದಂಥ ಲೋಹದ ಪಾತ್ರೆ, ಅದರೊಳಗೆ ಬೋರಲು ಹಾಕಿದ ಇನ್ನೊಂದು ಪಾತ್ರೆ, ಮೇಲೊಂದು ರಾಟೆ, ಸರಪಳಿ, ಪಕ್ಕದಲ್ಲಿ ಕಾಗದ ಸುತ್ತುವ ಡ್ರಮ್ಮು ಮತ್ತು ಲೇಖನಿ ಇವೆ. ಶ್ವಾಸಕೋಶದ ಪರೀಕ್ಷೆಗೆ ಬಳಸುತ್ತಿದ್ದರು ಎಂದು ಮಾತ್ರ ಗೊತ್ತಾಯಿತು. ಇದು ಹೇಗೆ ಕೆಲಸ ಮಾಡುತ್ತಿತ್ತು, ಇದನ್ನು ರೂಪಿಸಿದವರು ಯಾರು?

ಉತ್ತರ: ನಮಸ್ಕಾರ. ದಯವಿಟ್ಟು ಅದನ್ನು ಗುಜರಿಗೆ ಹೋಗಲು ಬಿಡಬೇಡಿ. ನಿಮ್ಮ ಕೈಗೆ ಸಿಕ್ಕಿರುವುದು ನೀರಿನ ಸ್ಪೈರೋಮೀಟರ್, ಅಂದರೆ ಉಸಿರಿನ ಗಾಳಿಯನ್ನು ಅಳೆಯುವ ಉಪಕರಣ. ಹೊರಗಿನ ಪಾತ್ರೆಯಲ್ಲಿ ನೀರು ತುಂಬುತ್ತಾರೆ, ಬೋರಲು ಪಾತ್ರೆಯ ಅಂಚು ಆ ನೀರಿನಲ್ಲಿ ಮುಳುಗಿರುತ್ತದೆ, ಆದ್ದರಿಂದ ಒಳಗಿನ ಗಾಳಿ ಸೋರುವುದಿಲ್ಲ. ಕೊಳವೆಯ ಮೂಲಕ ಊದಿದ ಗಾಳಿ ನೀರಿನ ಮಟ್ಟಕ್ಕಿಂತ ಮೇಲೆ ಸೇರಿ ಬೋರಲು ಪಾತ್ರೆಯನ್ನು ಎತ್ತುತ್ತದೆ. ರಾಟೆಯ ಆಚೆ ಬದಿಯ ಪ್ರತಿತೂಕ ಅದರ ಭಾರವನ್ನು ಸರಿದೂಗಿಸುವುದರಿಂದ ಊದುವವರಿಗೆ ಶ್ರಮವಾಗುವುದಿಲ್ಲ. ಲೇಖನಿ ಪ್ರತಿತೂಕದ ಬದಿಯಲ್ಲಿದ್ದರೆ ಪಾತ್ರೆ ಏರಿದಾಗ ಅದು ಇಳಿಯುತ್ತದೆ. ಹಳೆಯ ಕಾಗದಗಳಲ್ಲಿ ಉಸಿರು ಬಿಟ್ಟ ಗೆರೆ ಕೆಳಮುಖವಾಗಿ ಇರುವುದು ಇದೇ ಕಾರಣಕ್ಕೆ.

ಉಸಿರನ್ನು ಅಳೆಯುವ ಪ್ರಯತ್ನಗಳು 17ನೆಯ ಶತಮಾನದಿಂದಲೇ ನಡೆದಿದ್ದವು. ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ 1800ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೈಡ್ರೋಜನ್ ಉಸಿರಾಡಿ, ಪೂರ್ತಿ ಉಸಿರು ಬಿಟ್ಟ ಮೇಲೂ ತನ್ನ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯನ್ನು ಲೆಕ್ಕ ಹಾಕಿದ್ದನ್ನು ವಿವರಿಸಿದ್ದಾನೆ. ಆದರೆ ಉಪಕರಣಕ್ಕೆ ಸ್ಪೈರೋಮೀಟರ್ ಎಂಬ ಹೆಸರನ್ನೂ, ಪೂರ್ತಿ ಉಸಿರೆಳೆದ ಮೇಲೆ ಹೊರಬಿಡಬಹುದಾದ ಒಟ್ಟು ಗಾಳಿಯ ಅಳತೆಗೆ ವೈಟಲ್ ಕೆಪಾಸಿಟಿ ಎಂಬ ಹೆಸರನ್ನೂ ನೆಲೆಗೊಳಿಸಿದವರು ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್. 1846ರ ಅವರ ಪ್ರಬಂಧದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಅಳತೆಗಳಿವೆ: ನಾವಿಕರು, ಪೊಲೀಸರು, ಬೆಂಕಿ ಆರಿಸುವವರು, ಸೈನಿಕರು, ನಿರ್ಗತಿಕರು, ಕುಸ್ತಿಪಟುಗಳು. ಎತ್ತರ ಒಂದು ಇಂಚು ಹೆಚ್ಚಿದರೆ ವೈಟಲ್ ಕೆಪಾಸಿಟಿ ಸುಮಾರು 8 ಘನ ಇಂಚು, ಅಂದರೆ ಸುಮಾರು 130 ಮಿಲಿಲೀಟರ್ ಹೆಚ್ಚುತ್ತದೆ ಎಂದು ಅವರು ಕಂಡುಕೊಂಡರು. ಇಂದಿಗೂ ನಾವು ಪರೀಕ್ಷೆಗೆ ಮೊದಲು ಎತ್ತರವನ್ನು ಅಳೆಯದೆ ಮುಂದುವರಿಯುವುದಿಲ್ಲ.

ಕ್ಷಯರೋಗವನ್ನು ಬೇಗ ಗುರುತಿಸುವುದು ಅವರ ಮುಖ್ಯ ಆಸೆಯಾಗಿತ್ತು. ಜೀವವಿಮಾ ಕಂಪನಿಗಳು ಇದನ್ನು ಬಳಸಬೇಕೆಂಬ ನಿರೀಕ್ಷೆಯೂ ಅವರಿಗಿತ್ತು. ಅವರು 1852ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟುಹೋದರು ಮತ್ತು 1861ರಲ್ಲಿ ಫಿಜಿಯಲ್ಲಿ ತೀರಿಕೊಂಡರು. ಇಷ್ಟು ಸೂಕ್ಷ್ಮವಾಗಿ ಮಾಡಿದ ಕೆಲಸವನ್ನು ಅವರು ಅರ್ಧಕ್ಕೆ ಬಿಟ್ಟು ಹೋದದ್ದು ನನಗೆ ಇಂದಿಗೂ ಬೇಸರ ತರುವ ಸಂಗತಿ.

ಮರುಪ್ರಶ್ನೆ: ಧನ್ಯವಾದಗಳು ಸರ್. ಆದರೆ ಈಗಿನ ವರದಿಯಲ್ಲಿ ನಾವು ಮೊದಲು ನೋಡುವುದು ಎಫ್‌ಇವಿ1 (ರಭಸವಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) ಮತ್ತು ಒಟ್ಟು ಊದಿದ ಗಾಳಿಗೆ ಅದರ ಅನುಪಾತವನ್ನು. ಅದು ಹಚಿನ್ಸನ್ ಅವರ ಕಾಲದಲ್ಲಿ ಇರಲಿಲ್ಲವೇ?

ಉತ್ತರ: ಇರಲಿಲ್ಲ. ಈ ಇತಿಹಾಸದಲ್ಲಿ ಅತಿ ಮುಖ್ಯವಾದ ತಿರುವು ಅದೇ ಎಂದು ನನ್ನ ಅಭಿಪ್ರಾಯ. ಹಚಿನ್ಸನ್ ಅವರ ಯಂತ್ರದಲ್ಲಿ ಇದ್ದದ್ದು ಅಳತೆಪಟ್ಟಿ. ಎಷ್ಟು ಗಾಳಿ ಬಂತು ಎಂದು ಅದು ಹೇಳುತ್ತಿತ್ತು, ಎಷ್ಟು ಬೇಗ ಬಂತು ಎಂದು ಹೇಳುತ್ತಿರಲಿಲ್ಲ. ಒಂದೇ ವೇಗದಲ್ಲಿ ತಿರುಗುವುದರಿಂದ ನಿಮ್ಮ ಉಗ್ರಾಣದ ಡ್ರಮ್ಮು ನಿಜಕ್ಕೂ ಒಂದು ಗಡಿಯಾರ. ತಿರುಗುವ ಡ್ರಮ್ಮಿನ ಮೇಲೆ ದೇಹದ ಚಲನೆಯನ್ನು ಬರೆಯಿಸುವ ಕೈಮೋಗ್ರಾಫ್ ಅನ್ನು ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲಿಯೇ ರಕ್ತದೊತ್ತಡಕ್ಕಾಗಿ ರೂಪಿಸಿದ್ದರು, ಮುಂದೆ ಅದು ಸ್ಪೈರೋಮೀಟರಿಗೂ ಸೇರಿತು. ಆದರೆ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ ಎಷ್ಟು ಎಂಬ ಪ್ರಶ್ನೆಯನ್ನು ಫ್ರಾನ್ಸಿನ ಟಿಫ್ನೋ ಮತ್ತು ಪಿನೆಲ್ಲಿ ಮುಂದಿಟ್ಟದ್ದು 1947ರಲ್ಲಿ, ಸರಿಯಾಗಿ ನೂರು ವರ್ಷಗಳ ನಂತರ.

ಒಂದು ಉದಾಹರಣೆ ನೋಡಿ. ಇಬ್ಬರ ವೈಟಲ್ ಕೆಪಾಸಿಟಿಯೂ 4 ಲೀಟರ್ ಎಂದಿಟ್ಟುಕೊಳ್ಳಿ. ಒಬ್ಬರು ಮೊದಲ ಸೆಕೆಂಡಿನಲ್ಲಿ 3.2 ಲೀಟರ್ ಊದುತ್ತಾರೆ, ಇನ್ನೊಬ್ಬರು 1.8 ಲೀಟರ್ ಮಾತ್ರ ಊದಿ, ಉಳಿದದ್ದನ್ನು ಎಳೆದೆಳೆದು ಹತ್ತು ಸೆಕೆಂಡುಗಳಲ್ಲಿ ಮುಗಿಸುತ್ತಾರೆ. ಹಚಿನ್ಸನ್ ಅವರ ಅಳತೆಪಟ್ಟಿಗೆ ಇಬ್ಬರೂ ಒಂದೇ. ಅನುಪಾತ ತೆಗೆದರೆ ಒಬ್ಬರದು ಶೇ 80, ಇನ್ನೊಬ್ಬರದು ಶೇ 45, ಎಂದರೆ ಶ್ವಾಸನಾಳದ ದಾರಿ ಕಿರಿದಾಗಿದೆ.

ಈ ಪ್ರಶ್ನೆ ಹುಟ್ಟಿದ ಮೇಲೆ ಯಂತ್ರವೂ ಬದಲಾಗಬೇಕಾಯಿತು, ಏಕೆಂದರೆ ಭಾರವಾದ ಲೋಹದ ಪಾತ್ರೆ ರಭಸದ ಊದುವಿಕೆಗೆ ತಡವಾಗಿ ಎದ್ದು, ಎದ್ದ ಮೇಲೆ ತೂಗಾಡುತ್ತಿತ್ತು. ಹೀಗಾಗಿ 1950ರ ದಶಕದ ಕೊನೆಗೆ ಹಗುರವಾದ ಪ್ಲಾಸ್ಟಿಕ್ ಪಾತ್ರೆಗಳು ಬಂದವು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ಈಗಿನ ಯಂತ್ರ ಅಂಗೈಯಷ್ಟೇ ಇರುತ್ತದೆ, ಗಾಳಿಯನ್ನು ಎಲ್ಲಿಯೂ ಸಂಗ್ರಹಿಸುವುದಿಲ್ಲ. ಹಾಗಿದ್ದರೆ ಲೀಟರ್ ಲೆಕ್ಕ ಎಲ್ಲಿಂದ ಬರುತ್ತದೆ, ಅದನ್ನು ನಂಬುವುದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಈ ದಾರಿಯನ್ನು ತೆರೆದವರು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಫ್ಲೈಶ್. 1925ರಲ್ಲಿ ಅವರು ವಿವರಿಸಿದ ನ್ಯೂಮೋಟ್ಯಾಕೋಗ್ರಾಫ್‌ನಲ್ಲಿ ಗಾಳಿ ಸಣ್ಣ ಸಮಾನಾಂತರ ಕೊಳವೆಗಳ ಕಂತೆಯ ಮೂಲಕ ಹಾದುಹೋಗುತ್ತದೆ, ಮುಂದಿನ ಮತ್ತು ಹಿಂದಿನ ಒತ್ತಡದ ವ್ಯತ್ಯಾಸದಿಂದ ಹರಿವಿನ ವೇಗ ಸಿಗುತ್ತದೆ. ಆ ವೇಗವನ್ನು ಕ್ಷಣಕ್ಷಣವೂ ಕೂಡಿಸುತ್ತಾ ಹೋದರೆ ಒಟ್ಟು ಗಾಳಿಯ ಲೆಕ್ಕ ಬರುತ್ತದೆ. ಇಂದಿನ ಯಂತ್ರಗಳಲ್ಲಿ ಕೆಲವು ಇದೇ ತತ್ವದವು, ಕೆಲವು ಸಣ್ಣ ಟರ್ಬೈನ್‌ನ ಸುತ್ತುಗಳನ್ನು ಎಣಿಸುತ್ತವೆ, ಕೆಲವು ಅಲ್ಟ್ರಾಸೌಂಡ್ ಬಳಸುತ್ತವೆ.

ನಂಬಿಕೆಯ ಪ್ರಶ್ನೆ ಇರುವುದು ಆ ಕೂಡಿಸುವುದರಲ್ಲಿಯೇ. ಯಾರೂ ಊದದಿರುವಾಗ ಯಂತ್ರ ಶೂನ್ಯದ ಬದಲು ಸೆಕೆಂಡಿಗೆ 0.05 ಲೀಟರ್ ಎಂದು ತಪ್ಪು ಓದಿದರೆ, 6 ಸೆಕೆಂಡಿನ ಊದುವಿಕೆಗೆ 0.3 ಲೀಟರ್ ಸುಳ್ಳು ಗಾಳಿ ಸೇರಿಕೊಳ್ಳುತ್ತದೆ. ನೀರಿನ ಯಂತ್ರ ಸೋರಿದರೆ ಲೇಖನಿ ತಾನಾಗಿ ಜಾರುವುದು ಕಣ್ಣಿಗೆ ಕಾಣುತ್ತಿತ್ತು. ಈಗ ಪರದೆಯ ಮೇಲೆ ಅಚ್ಚುಕಟ್ಟಾದ ಅಂಕಿ ಮಾತ್ರ ಕಾಣುತ್ತದೆ. ಅದಕ್ಕಾಗಿಯೇ ಪ್ರತಿದಿನ 3 ಲೀಟರಿನ ಸಿರಿಂಜಿನಿಂದ ನಿಧಾನವಾಗಿ, ಮಧ್ಯಮ ವೇಗದಲ್ಲಿ, ರಭಸವಾಗಿ ತಳ್ಳಿ, ಓದು 2.91 ಮತ್ತು 3.09 ಲೀಟರ್ ನಡುವೆ ಇದೆಯೇ ಎಂದು ನೋಡುತ್ತೇವೆ. ಇದನ್ನು ಮಾಡದೆ ರೋಗಿಯನ್ನು ಕೂರಿಸುವುದು ತಪ್ಪು, ಎಷ್ಟೇ ಜನ ಕಾಯುತ್ತಿದ್ದರೂ.

ಅದೇ ಸದಸ್ಯರು: ಯಂತ್ರದಲ್ಲಿ ರೋಗಿಯ ಜನಾಂಗವನ್ನು ಆರಿಸಲು ಏಕೆ ಕೇಳುತ್ತಾರೆ?

ಉತ್ತರ: ಇದು ಈ ಇತಿಹಾಸದ ನೋವಿನ ಭಾಗ. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ 1851ರಲ್ಲಿ ಕಪ್ಪು ಜನರ ಶ್ವಾಸಕೋಶದ ಸಾಮರ್ಥ್ಯ ಬಿಳಿಯರಿಗಿಂತ ಸುಮಾರು ಶೇ 20 ಕಡಿಮೆ ಎಂದು ಸ್ಪೈರೋಮೀಟರಿನ ಹೆಸರಿನಲ್ಲಿ ವಾದಿಸಿ, ಅದನ್ನು ಗುಲಾಮಗಿರಿಯ ಸಮರ್ಥನೆಗೆ ಬಳಸಿದರು. ಮುಂದೆ ಜನಾಂಗದ ಪ್ರಕಾರ ಮಾಡುವ ತಿದ್ದುಪಡಿ ಯಂತ್ರಗಳೊಳಗೇ ಸೇರಿಹೋಯಿತು. ರೋಗಿಯ ಓದನ್ನು ಹೋಲಿಸಿ ನೋಡುವ ನಿರೀಕ್ಷಿತ ಅಂಕಿಯನ್ನೇ ಇಳಿಸಿದರೆ ನಿಜವಾದ ರೋಗವೂ ಸಹಜ ಎಂದು ಕಾಣುವ ಅಪಾಯವಿದೆ. 2023ರಲ್ಲಿ ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ, ಈ ನಿರೀಕ್ಷಿತ ಅಂಕಿಯನ್ನು ಲೆಕ್ಕ ಹಾಕಲು ಜನಾಂಗವನ್ನು ಪರಿಗಣಿಸದ ಸರಾಸರಿ ಸಮೀಕರಣಗಳನ್ನು ಬಳಸಲು ಸೂಚಿಸಿತು. ನಿಮ್ಮ ಯಂತ್ರದ ತಂತ್ರಾಂಶ ಯಾವ ಸಮೀಕರಣ ಬಳಸುತ್ತದೆ ಎಂದು ಒಮ್ಮೆ ತೆರೆದು ನೋಡಿ.

ಮೊದಲ ಪ್ರಶ್ನೆ ಕೇಳಿದವರು: ಸರ್, ಉಗ್ರಾಣದ ಯಂತ್ರವನ್ನು ತೊಳೆದು ತರಗತಿಯಲ್ಲಿ ಬಳಸಬಹುದೇ?

ಉತ್ತರ: ಖಂಡಿತ ಬಳಸಿ, ಆದರೆ ಸೋಂಕಿನ ಅಪಾಯವಿರುವುದರಿಂದ ಬಾಯಿಯಿಂದ ಊದಬೇಡಿ. ಗುರುತಿನವರೆಗೆ ನೀರು ತುಂಬಿ, ಕೊಳವೆಗೆ 3 ಲೀಟರಿನ ಸಿರಿಂಜನ್ನು ಜೋಡಿಸಿ ತಳ್ಳಿ. ಬಾಯಿಯಿಂದ ಊದಿದ ಗಾಳಿ 37 ಡಿಗ್ರಿಯಿಂದ ಕೋಣೆಯ 25 ಡಿಗ್ರಿಗೆ ತಣಿದು ಕುಗ್ಗುವುದರಿಂದ ಹಿಂದಿನವರು ಓದನ್ನು ಸುಮಾರು 1.075ರಿಂದ ಗುಣಿಸುತ್ತಿದ್ದರು, ಸಿರಿಂಜಿನದು ಕೋಣೆಯ ಗಾಳಿಯೇ ಆದ್ದರಿಂದ ನಿಮಗೆ ಆ ಗುಣಾಕಾರ ಬೇಡ. ಪಾತ್ರೆ ಎದ್ದು ನಿಂತ ಮೇಲೆ ಕೊಳವೆಯ ಬಾಯಿ ಮುಚ್ಚಿ, ಒಂದು ನಿಮಿಷ ಲೇಖನಿಯನ್ನು ಗಮನಿಸಿ. ಗೆರೆ ನೇರವಾಗಿ ನಿಂತರೆ ನಿಮ್ಮ ಯಂತ್ರ ಇನ್ನೂ ಸೋರುತ್ತಿಲ್ಲ.