ಸ್ಪೆಕ್ಟ್ರಮ್‌ನಲ್ಲಿ ಸ್ಪ್ರೈಟ್ ಸಾಲು ಸಾಲಾಗಿ ಒಡೆದು ಕಾಣ್ತಿದೆ, ಬಣ್ಣವೂ ಮೆತ್ತಿಕೊಳ್ತಿದೆ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ಎಂಬ ಹಳೆಯ ಮನೆ ಕಂಪ್ಯೂಟರಿಗೆ ಅಸೆಂಬ್ಲಿಯಲ್ಲಿ (ಪ್ರೊಸೆಸರ್‌ನ ನೇರ ಆಜ್ಞೆಗಳಲ್ಲಿ) ಒಂದು ಸಣ್ಣ ಆಟ ಬರೆಯುತ್ತಿದ್ದೇನೆ. ಪರದೆ 256 ಪಿಕ್ಸೆಲ್ ಅಗಲ, ಅಂದರೆ ಸಾಲಿಗೆ 32 ಬೈಟ್ ಅಲ್ವಾ? ಅದಕ್ಕೇ ಸ್ಪ್ರೈಟ್‌ನ (ಪರದೆ ಮೇಲೆ ಓಡಾಡುವ ಸಣ್ಣ ಚಿತ್ರದ) ಒಂದು ಸಾಲು ಬರೆದು, ಮೆಮೊರಿ ವಿಳಾಸಕ್ಕೆ 32 ಕೂಡಿಸಿ ಮುಂದಿನದು ಬರೆಯುತ್ತೇನೆ. ಆದರೆ ಸಾಲುಗಳ ನಡುವೆ ದೊಡ್ಡ ಸಂದು ಬರುತ್ತಿದೆ. ಜೊತೆಗೆ ಕೆಂಪು ಸ್ಪ್ರೈಟ್ ಹಸಿರು ಮರದ ಮುಂದೆ ಹೋದರೆ ಮರವೂ ಚೌಕ ಚೌಕವಾಗಿ ಕೆಂಪಾಗುತ್ತದೆ. ಆ ಯಂತ್ರವನ್ನು ಅನುಕರಿಸುವ ನನ್ನ ಎಮ್ಯುಲೇಟರ್‌ನದೇ ತೊಂದರೆಯಾ?

ಉತ್ತರ: ಎಮ್ಯುಲೇಟರ್ ಸರಿಯಾಗಿದೆ. 1982ರ ಅಸಲಿ ಯಂತ್ರವೂ ಹೀಗೇ ತೋರಿಸುತ್ತದೆ. ಪರದೆಯ ಮೆಮೊರಿ 16384ರಿಂದ ಶುರು, ಆದರೆ ಸಾಲುಗಳು ಒಂದರ ಹಿಂದೆ ಒಂದು ಇಲ್ಲ. 32 ಕೂಡಿಸಿದರೆ 8 ಸಾಲು ಕೆಳಗೆ ಜಿಗಿಯುತ್ತೀರಿ. 256 ಕೂಡಿಸಿದರೆ ಕೆಳಗಿನ ಸಾಲು ಸಿಗುತ್ತದೆ, ಅದೂ ಒಂದು ಅಕ್ಷರದ 8 ಸಾಲಿನೊಳಗೆ ಮಾತ್ರ.

ವಿಳಾಸ ಪ್ರೊಸೆಸರ್‌ನ ಎಚ್‌ಎಲ್ ರಿಜಿಸ್ಟರ್ ಜೋಡಿಯಲ್ಲಿದ್ದರೆ (ಎಚ್ ಮೇಲಿನ ಬೈಟ್, ಎಲ್ ಕೆಳಗಿನದು) ಎಚ್‌ಗೆ 1 ಕೂಡಿಸಿ. ಎಚ್‌ನ ಕೆಳಗಿನ ಮೂರು ಬಿಟ್ ಸೊನ್ನೆ ಆಗದಿದ್ದರೆ ಅಲ್ಲಿಗೆ ಮುಗಿಯಿತು. ಸೊನ್ನೆ ಆದರೆ ಎಲ್‌ಗೆ 32 ಕೂಡಿಸಿ, ಕ್ಯಾರಿ (ಮೊತ್ತ 255 ದಾಟಿತು ಎಂಬ ಗುರುತು) ಬಂದರೆ ಹಾಗೇ ಬಿಡಿ, ಬರದಿದ್ದರೆ ಎಚ್‌ನಿಂದ 8 ಕಳೆಯಿರಿ.

ಸಾಲುಗಳನ್ನು ಸುಮ್ನೆ ಹೀಗೆ ಜೋಡಿಸಿದ್ದಲ್ಲ. ಪರದೆ ಬಿಡಿಸುವ ಯುಎಲ್‌ಎ ಚಿಪ್ ಪ್ರತಿ 8 ಪಿಕ್ಸೆಲ್‌ಗೆ ಎರಡು ಬೈಟ್ ಓದಬೇಕು, ಚಿತ್ರದ್ದೊಂದು, ಬಣ್ಣದ್ದೊಂದು. ಈ ಜೋಡಣೆಯಲ್ಲಿ ಎರಡೂ ವಿಳಾಸಗಳ ಕೆಳಗಿನ ಬೈಟ್ ಒಂದೇ ಆಗುತ್ತದೆ, ಹಾಗಾಗಿ ಮೆಮೊರಿ ಚಿಪ್ ಆದ ಡಿರ‍್ಯಾಮ್‌ಗೆ ರೋ (ಅಡ್ಡಸಾಲಿನ) ವಿಳಾಸವನ್ನು ಒಮ್ಮೆ ಕೊಟ್ಟು ಎರಡನ್ನೂ ಬೇಗ ಓದಿಬಿಡಬಹುದು. ನನಗಂತೂ ಇದು ತುಂಬಾ ಜಾಣತನದ ಕೆಲಸ ಅನಿಸುತ್ತದೆ.

ಪ್ರಶ್ನೆ: ಸ್ಪ್ರೈಟ್ ಸರಿಯಾಯಿತು ಸರ್, ತುಂಬಾ ಥ್ಯಾಂಕ್ಸ್! ಆದರೆ ಪ್ರತಿ ಪಿಕ್ಸೆಲ್‌ಗೂ ಬೇರೆ ಬಣ್ಣ ಯಾಕೆ ಕೊಡಲಿಲ್ಲ?

ಉತ್ತರ: ಜಾಗ ಎಲ್ಲಿತ್ತು? ಪಿಕ್ಸೆಲ್‌ಗೆ 4 ಬಿಟ್ ಅಂದರೂ 256 × 192ಕ್ಕೆ 24,576 ಬೈಟ್ ಬೇಕು. ಅಗ್ಗದ ಮಾಡೆಲ್‌ನಲ್ಲಿ ಇದ್ದ ಒಟ್ಟು ರ‍್ಯಾಮ್ಮೇ 16,384 ಬೈಟ್. ಅದಕ್ಕೆ ಚಿತ್ರಕ್ಕೆ 6,144, ಬಣ್ಣಕ್ಕೆ ಬರೀ 768 ಇಟ್ಟರು. 8 × 8 ಚೌಕಕ್ಕೆ ಒಂದೇ ಬಣ್ಣದ ಬೈಟ್: ಮುಂದಿನ ಬಣ್ಣಕ್ಕೆ 3 ಬಿಟ್, ಹಿನ್ನೆಲೆಗೆ 3, ಹೊಳಪಿಗೆ 1, ಮಿನುಗಲು 1. ನಿಮ್ಮ ಮರ, ಸ್ಪ್ರೈಟ್ ಎರಡೂ ಒಂದೇ ಚೌಕದಲ್ಲಿ ಬಂದರೆ ಮುಂದಿನ ಬಣ್ಣ ಒಂದೇ ಇರಲು ಸಾಧ್ಯ.

22528ರಿಂದ ಮುಂದಕ್ಕೆ ಬಣ್ಣ ಬರೆಯುವ ನಿಮ್ಮ ಕೋಡನ್ನು ಸ್ಪ್ರೈಟ್‌ಗೆ ಮಾತ್ರ ತೆಗೆದು ಓಡಿಸಿ ನೋಡಿ. ಮರದ ಮುಂದೆ ಬಂದಾಗ ಸ್ಪ್ರೈಟೇ ಹಸಿರಾಗುತ್ತದೆ, ಮರ ಕೆಡುವುದಿಲ್ಲ. ಕೆಂಪು ಬೇಕೇ ಬೇಕು ಅಂದರೆ ಅದು ಓಡಾಡುವ ದಾರಿಯನ್ನು ಖಾಲಿ ಕಪ್ಪು ಬಿಡಿ, ಮರಗಳನ್ನು ಕನಿಷ್ಠ ಒಂದು ಚೌಕ ಆಚೆ ನೆಡಿ.