ನೆಟ್ ಇಲ್ಲದ ಕಡೆ ಎಫ್‌ಟಿ8: ಡಿಟಿ 2 ದಾಟಾಕತ್ತೈತಿ, ಟೈಮ್ ಹೊಂದಿಸೂದು ಹ್ಯಾಂಗ?

ಮಲಪ್ರಭಾ_20ಮೀಟರ್ (ಬಾದಾಮಿ):
ನಮಸ್ಕಾರ್ರಿ. ಹ್ಯಾಮ್ ರೇಡಿಯೊದಾಗ ಎಫ್‌ಟಿ8 (ಗಡಿಯಾರಕ್ಕ ಸರಿಯಾಗಿ ಸಣ್ಣ ಸಂದೇಶ ಕಳಿಸೋ ಡಿಜಿಟಲ್ ವಿಧಾನ) ನಡಸ್ತೀನಿ. ಹೊಲದಾಗ ಮೊಬೈಲ್ ನೆಟ್ ಹತ್ತೂದಿಲ್ಲ. ಅಲ್ಲಿ 14.074 ಮೆಗಾಹರ್ಟ್ಸ್‌ನಾಗ ವಾಟರ್‌ಫಾಲ್ (ಸಿಗ್ನಲ್ ತೋರಿಸೋ ಪರದೆ) ತುಂಬ ಸಿಗ್ನಲ್ ಐತಿ, ಆದ್ರ ಎಫ್‌ಟಿ8 ತಂತ್ರಾಂಶ ಡಬ್ಲ್ಯುಎಸ್‌ಜೆಟಿ-ಎಕ್ಸ್ ಮೂರ್ನಾಕು ಮಾತ್ರ ಡಿಕೋಡ್ ಮಾಡ್ತೈತಿ. ಬಂದವುಗಳ ಡಿಟಿ (ನನ್ನ ಗಡಿಯಾರಕ್ಕೂ ಬಂದ ಸಿಗ್ನಲ್ಲಿಗೂ ಇರೋ ಸೆಕೆಂಡಿನ ಅಂತರ) ಎಲ್ಲಾ 2.1, 2.3 ಹಿಂಗ. ಮನ್ಯಾಗ ಬ್ರಾಡ್‌ಬ್ಯಾಂಡ್ ಇದ್ದಾಗ ಅದೇ ಲ್ಯಾಪ್‌ಟಾಪ್, ಅದೇ ರೇಡಿಯೊ ಸರಿ ನಡೀತಾವ. ವಿಂಡೋಸ್ 10. ನಿಯೊ-6ಎಂ ಜಿಪಿಎಸ್ ಮಾಡ್ಯೂಲ್ ಒಂದು ಐತಿ. ಅದಷ್ಟ ಸಾಕೋ, ಪಿಪಿಎಸ್ (ಸೆಕೆಂಡಿಗೊಂದು ಪಲ್ಸ್ ಕೊಡೋ) ವೈರೂ ಜೋಡಿಸಬೇಕೋ?

ಗುಮ್ಮಟ_ರೇಡಿಯೊ (ವಿಜಯಪುರ):
ನಿಮ್ಮ ಲ್ಯಾಪ್‌ಟಾಪಿನ ಗಡಿಯಾರ ಮುಂದ ಓಡ್ಯದರಿ. ಎಲ್ಲಾರ ಡಿಟಿ ಪ್ಲಸ್ 2 ಅಂದ್ರ ಅವರು ತಡಾ ಅಲ್ಲ, ನೀವು 2 ಸೆಕೆಂಡ್ ಮುಂದ. ಎಲ್ಲಾ ಮೈನಸ್ ಬಂದ್ರ ನೀವು ಹಿಂದ. ಒಬ್ಬರದಷ್ಟೇ ಬ್ಯಾರೆ ಇದ್ರ ಅದು ಅವರ ಗಡಿಯಾರದ ದೋಷ, ನಿಮ್ಮದನ್ನ ಮುಟ್ಟಬ್ಯಾಡ್ರಿ.

ಎಫ್‌ಟಿ8ರಾಗ ಒಂದು ಸ್ಲಾಟ್ (ಒಬ್ಬರ ಸರದಿ) 15 ಸೆಕೆಂಡ್, ಅದರಾಗ ಸಿಗ್ನಲ್ 12.64 ಸೆಕೆಂಡ್. ಡಿಕೋಡರ್ ಸುಮಾರು ಎರಡೂವರೆ ಸೆಕೆಂಡ್ ಆಚೀಚೆ ಮಾತ್ರ ಹುಡುಕ್ತದ. ನೀವು ಆ ಅಂಚಿಗೇ ಅದೀರಿ, ಅದಕ್ಕ ತುಸು ತಡಾ ಇದ್ದವರೆಲ್ಲ ಹೊರಗ ಬೀಳ್ತಾರ. ನೀವು ಸಿಕ್ಯೂ (ಎಲ್ಲಾರಿಗೂ ಕರೆ) ಕರೆದ್ರ ಅದೂ 2 ಸೆಕೆಂಡ್ ಮೊದಲೇ ಹೋಗ್ತದ. ಗಡಿಯಾರ ನಡೆಸೋ ಕ್ರಿಸ್ಟಲ್ 20 ಪಿಪಿಎಂ (ಹತ್ತು ಲಕ್ಷಕ್ಕ 20 ಪಾಲು) ತಪ್ಪಿದ್ರ ದಿನಕ್ಕ 1.7 ಸೆಕೆಂಡ್ ಆಯ್ತು, ಹಿಂಗಾಗಿ ನೆಟ್ ತಪ್ಪಿದ ಒಂದೆರಡು ದಿನದಾಗ ಈ ಪಾಡು.

ಸದ್ಯಕ್ಕ ಹಿಂಗ ಮಾಡ್ರಿ: ಕಮಾಂಡ್ ಪ್ರಾಂಪ್ಟ್ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಟೈಮ್ ಕಮಾಂಡ್ ಕೊಡ್ರಿ. ಬರೋ ನಿಮಿಷ ಬರೆದು, ಫೋನಿನ್ಯಾಗ ಜಿಪಿಎಸ್ ಟೈಮ್ ತೋರಿಸೋ ಆಪ್ ನೋಡಿ ಸರಿಯಾಗಿ ಸೊನ್ನೆ ಸೆಕೆಂಡಿಗೆ ಎಂಟರ್ ಒತ್ತರಿ. ಕೈ ಅರ್ಧ ಸೆಕೆಂಡ್ ತಪ್ಪಿದ್ರೂ ಎಫ್‌ಟಿ8 ನಡೀತದ. ಎಫ್‌ಟಿ4ಕ್ಕ (ಇದರದೇ ವೇಗದ ತಮ್ಮ) ಇದನ್ನ ನಂಬಬ್ಯಾಡ್ರಿ, ಅದರ ಸ್ಲಾಟ್ ಬರೀ 7.5 ಸೆಕೆಂಡ್.

ಕುಂದಾನಗರಿ_ಹ್ಯಾಮ್ (ಬೆಳಗಾವಿ):
ಪಿಪಿಎಸ್ ಬೇಡ. ಮಾಡ್ಯೂಲಿನ ಟಿಎಕ್ಸ್ ಪಿನ್ ಯುಎಸ್‌ಬಿ-ಟಿಟಿಎಲ್ ಬೋರ್ಡಿನ ಆರ್‌ಎಕ್ಸ್‌ಗೆ, ಜೊತೆಗೆ ಪವರ್ ಮತ್ತು ಗ್ರೌಂಡ್, ಅಷ್ಟೇ. ವೇಗ 9600. ಬಿಕೆಟಿ ಟೈಮ್‌ಸಿಂಕ್ ತಂತ್ರಾಂಶವನ್ನು ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿ, ಆ ಕಾಮ್ ಪೋರ್ಟ್ ಆರಿಸಿ. ವಿಂಡೋಸಿನ ತಾನೇ ಸಮಯ ಹೊಂದಿಸುವ ಆಯ್ಕೆಯನ್ನು ಆಫ್ ಮಾಡಿ, ಎರಡೂ ಜಗಳಾಡಬಾರದು.

ಮಾಡ್ಯೂಲಿನ ಎಲ್‌ಇಡಿ ಸೆಕೆಂಡಿಗೊಮ್ಮೆ ಮಿನುಗಿದ ತಕ್ಷಣ ಸಮಯ ಸರಿಯಾಯಿತು ಅಂದುಕೊಳ್ಳಬೇಡಿ. ಜಿಪಿಎಸ್ ಸಮಯ ಯುಟಿಸಿಗಿಂತ (ಜಾಗತಿಕ ಪ್ರಮಾಣ ಸಮಯ) 2017ರಿಂದ 18 ಸೆಕೆಂಡ್ ಮುಂದಿದೆ. ಹಳೆಯ ಫರ್ಮ್‌ವೇರಿನಲ್ಲಿ ಈ ಅಂತರದ ಹಿಂದಿನ ಲೆಕ್ಕ ಕೂತಿರುತ್ತದೆ, ಉಪಗ್ರಹದಿಂದ ಹೊಸದು ಬರುವವರೆಗೆ ಮಾಡ್ಯೂಲ್ ಎರಡು-ಮೂರು ಸೆಕೆಂಡ್ ತಪ್ಪು ಹೇಳುತ್ತದೆ. ಅದನ್ನು ಹೊತ್ತು ತರುವ ಉಪಗ್ರಹ ಸಂದೇಶದ ಪೂರ್ತಿ ಸುತ್ತು 12.5 ನಿಮಿಷ. ತೆರೆದ ಆಕಾಶದ ಕೆಳಗೆ ಕಾಲು ಗಂಟೆ ಬಿಟ್ಟು ನಂತರ ಸಿಂಕ್ ಮಾಡಿ.

ಮಾಡ್ಯೂಲ್ ಸಮಯ ಕಳಿಸುವುದೇ ಸೆಕೆಂಡ್ ಶುರುವಾದ ಸ್ವಲ್ಪ ಹೊತ್ತಿಗೆ. ಅದರಿಂದ ಎಲ್ಲರ ಡಿಟಿ ಮೈನಸ್ 0.3, 0.4 ಬಂದರೆ ತಂತ್ರಾಂಶದ ಆಫ್‌ಸೆಟ್‌ನಲ್ಲಿ ಅಷ್ಟನ್ನು ಸೇರಿಸಿ. ಹೆಚ್ಚಿನವರದು 0.1, 0.2ಕ್ಕೆ ಬಂದರೆ ಅಷ್ಟಕ್ಕೆ ಬಿಡಿ. ಮಾಡ್ಯೂಲ್ ಚುಚ್ಚಿಕೊಂಡೇ ಬೂಟ್ ಮಾಡಿದರೆ ವಿಂಡೋಸ್ ಅದನ್ನು ಸೀರಿಯಲ್ ಮೌಸ್ ಅಂದುಕೊಂಡು ಕರ್ಸರ್ ಹುಚ್ಚೆದ್ದು ಕುಣಿಯುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಸೀರಿಯಲ್ ಬಾಲ್‌ಪಾಯಿಂಟ್ ಡಿಸೇಬಲ್ ಮಾಡಿ.

ಗುಮ್ಮಟ_ರೇಡಿಯೊ (ವಿಜಯಪುರ):
ಇನ್ನೊಂದು ನೋಡ್ಕೋರಿ, ಡಿಟಿ ಇದನ್ನ ತೋರಿಸೂದೇ ಇಲ್ಲ. ಟೈಮ್‌ಝೋನ್ ತಪ್ಪಿ ಗಡಿಯಾರ ಐದೂವರೆ ತಾಸು ಆಚೀಚೆ ಆಗಿದ್ರೂ ಡಿಕೋಡ್ ಚಲೋನೇ ಬರ್ತದ. ಯಾಕಂದ್ರ ಐದೂವರೆ ತಾಸಿನ 19,800 ಸೆಕೆಂಡಿನ್ಯಾಗ 15 ಶೇಷ ಇಲ್ಲದಂಗ ಹೋಗ್ತದ. ಆದ್ರ ಸಂಪರ್ಕ ದಾಖಲಿಸೋ ಲಾಗಿನ ಟೈಮ್ ಎಲ್ಲಾ ತಪ್ಪು. ಸಂಪರ್ಕ ಖಚಿತ ಮಾಡೋ ಆನ್‌ಲೈನ್ ತಾಣ ಲಾಗ್‌ಬುಕ್ ಆಫ್ ದಿ ವರ್ಲ್ಡ್ ಇಬ್ಬರ ಟೈಮಿನ್ಯಾಗ 30 ನಿಮಿಷದ ಅಂತರ ಮಾತ್ರ ಒಪ್ತದ, ಒಂದು ಕ್ಯೂಎಸ್‌ಒನೂ (ಸಂಪರ್ಕ) ಕನ್ಫರ್ಮ್ ಆಗೂದಿಲ್ಲ. ಲಿನಕ್ಸ್ ಮತ್ತ ವಿಂಡೋಸ್ ಎರಡೂ ಹಾಕಿದ ಲ್ಯಾಪ್‌ಟಾಪಿನ್ಯಾಗ ಇದು ಭಾಳ. ಶುರು ಮಾಡೂಕಿಂತ ಮೊದಲು ಸ್ಕ್ರೀನಿನ್ಯಾಗ ಕಾಣೋ ಯುಟಿಸಿ ನಮ್ಮ ಟೈಮಿಗಿಂತ ಐದೂವರೆ ತಾಸು ಹಿಂದ ಐತೇನ ನೋಡ್ರಿ.